ಕಡತದಿಂದ ಕಿಟಕಿಗೆ

‘ಕಡತ’ ಎಂದೊಡನೆ ಇಂದು ನಮಗೆ ನೆನಪಾಗುವುದು ದಾರ ಕಟ್ಟಿ ಬೀರುವಿನಲ್ಲಿ ಒಟ್ಟಿದ ಸರ್ಕಾರಿ ಫೈಲು. ಆದರೆ ಈ ಮಾತಿಗೆ ಮೊದಲಿದ್ದ ಅರ್ಥವೇ ಬೇರೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ ಮಾಡಿದ ಕಪ್ಪು ಪುಸ್ತಕವೇ ಕಡತ. ಬಳಪದ ಕಡ್ಡಿಯಿಂದ ಬರೆದರೆ ಕಪ್ಪಿನ ಮೇಲೆ ಬಿಳಿಯ ಅಕ್ಷರ ಮೂಡುತ್ತಿತ್ತು. ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ಅಂಗಡಿಯವರ ಲೆಕ್ಕ, ಶಾನುಭೋಗರ ಲೆಕ್ಕ, ಮಠಗಳ ಲೆಕ್ಕ ಎಲ್ಲವೂ ಇದರಲ್ಲೇ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರವೇ ಆಗಿವೆ. ಪುಸ್ತಕ ಹೋಯಿತು, ಹೆಸರು ಮಾತ್ರ ಕಚೇರಿಯ ಕಾಗದಕ್ಕೆ ಅಂಟಿಕೊಂಡು ಉಳಿಯಿತು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ 1992ರಲ್ಲಿ ಮೈಸೂರಿನ ಒಂದು ಸಣ್ಣ ಸಂಸ್ಥೆಗೆ ಮೂರು ತಿಂಗಳು ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದೆ. ನಂಜನಗೂಡಿನಿಂದ ಬೆಳಗಿನ ಬಸ್ಸು; ಮಧ್ಯಾಹ್ನದ ಹೊತ್ತಿಗೆ ಮನೆ. ಆಗ ಊರೂರಿನ ಇಂಥ ಸಂಸ್ಥೆಗಳಲ್ಲೆಲ್ಲ ಮೂರು ಪಾಠ ಗೊತ್ತಾದದ್ದೇ: ಕಾಗದ ಬರೆಯಲು ವರ್ಡ್‌ಸ್ಟಾರ್, ಲೆಕ್ಕಕ್ಕೆ ಲೋಟಸ್ 1-2-3, ದಾಖಲೆ ಇಡಲು ಡಿಬೇಸ್ ತ್ರೀ ಪ್ಲಸ್. ಚಪ್ಪಲಿ ಹೊರಗೆ ಬಿಟ್ಟು ತಣ್ಣನೆಯ ಕೋಣೆಯೊಳಗೆ ಹೋದರೆ ಎದುರಿಗೆ ಒಂದು ಕಪ್ಪು ತೆರೆ, ಅದರ ಮೇಲೆ ಬಿಳಿಯ ಅಕ್ಷರ. ನಮ್ಮ ಸೋದರಮಾವನ ಮನೆಯ ಅಟ್ಟದಲ್ಲಿದ್ದ ಹಳೆಯ ಕಡತವೊಂದನ್ನು ಚಿಕ್ಕಂದಿನಲ್ಲಿ ಕಂಡಿದ್ದ ನನಗೆ ಅದು ಹೊಸದೆನಿಸಲಿಲ್ಲ. ವಿದ್ಯುತ್ತಿನ ಕಡತ ಎಂದುಕೊಂಡೆ.

ಡಿಬೇಸ್‌ನ ಹುಟ್ಟು ಅಮೆರಿಕದಲ್ಲಿ. ವೇಯ್ನ್ ರ‍್ಯಾಟ್ಲಿಫ್ ಎಂಬುವರು 1970ರ ದಶಕದಲ್ಲಿ ಬರೆದ ‘ವಲ್ಕನ್’ ಎಂಬ ತಂತ್ರಾಂಶವನ್ನು ಆಶ್ಟನ್-ಟೇಟ್ ಎಂಬ ಕಂಪನಿ ಡಿಬೇಸ್ ಎಂಬ ಹೆಸರಿನಲ್ಲಿ ಮಾರಿತು. ಅದರ ಕ್ರಮ ಬಹಳ ಸರಳ. ತೆರೆಯ ಕೆಳಗೆ ಒಂದು ಚುಕ್ಕೆ ಕಾಣುತ್ತಿತ್ತು. ಅದಕ್ಕೆ ಡಾಟ್ ಪ್ರಾಂಪ್ಟ್ ಎಂದು ಹೆಸರು. ಆ ಚುಕ್ಕೆ ಏನನ್ನೂ ಹೇಳುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿತ್ತು. ‘ಯೂಸ್’ ಎಂದು ಬರೆದು ಫೈಲಿನ ಹೆಸರು ಕೊಟ್ಟರೆ ವಹಿ ತೆರೆಯಿತು. ‘ಅಪೆಂಡ್’ ಎಂದರೆ ಹೊಸ ಸಾಲು. ‘ಲಿಸ್ಟ್ ಫಾರ್’ ಎಂದು ಮುಂದೆ ನಿಬಂಧನೆ ಬರೆದರೆ 35ಕ್ಕಿಂತ ಕಡಿಮೆ ಅಂಕ ಪಡೆದ ಮಕ್ಕಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದರು. ‘ಡಿಲೀಟ್’ ಎಂದರೆ ದಾಖಲೆ ಅಳಿಯುತ್ತಿರಲಿಲ್ಲ, ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತಿತ್ತು, ಅಷ್ಟೆ. ‘ರಿಕಾಲ್’ ಎಂದರೆ ಮತ್ತೆ ಬರುತ್ತಿತ್ತು. ‘ಪ್ಯಾಕ್’ ಎಂದಿರೋ, ಕಡತ ಒರೆಸಿದ ಹಾಗೆ; ಇನ್ನು ಸಿಕ್ಕುವುದಿಲ್ಲ. ಇಷ್ಟನ್ನು ಬಾಯಿಪಾಠ ಮಾಡಿದವರಿಗೆ ಯಂತ್ರ ದಾಸನಂತೆ ದುಡಿಯುತ್ತಿತ್ತು. ಮಾಡದವರಿಗೆ ಆ ಚುಕ್ಕೆ ಬರಿಯ ಚುಕ್ಕೆ.

ಅದೇ ಹೊತ್ತಿಗೆ ಹೊರಗಿನ ಲೋಕದಲ್ಲಿ ಈ ಕಪ್ಪು ತೆರೆಯ ಕಾಲ ಮುಗಿಯುತ್ತ ಬಂದಿತ್ತು. ಡಗ್ಲಸ್ ಎಂಗೆಲ್‌ಬಾರ್ಟ್ 1968ರಲ್ಲೇ ಕೈಯಲ್ಲಿ ಉರುಳಿಸುವ ಒಂದು ಪೆಟ್ಟಿಗೆಯಿಂದ ತೆರೆಯ ಮೇಲಿನ ವಸ್ತುವನ್ನು ಮುಟ್ಟಿ ತೋರಿಸಿದ್ದರು. ನಾವಿಂದು ಮೌಸ್ ಎನ್ನುವುದು ಅದನ್ನೇ. 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಚಿತ್ರಗಳಿಂದ ನಡೆಯುವ ಆಲ್ಟೊ ಯಂತ್ರ ಸಿದ್ಧವಾಯಿತು. 1984ರಲ್ಲಿ ಮೆಕಿಂತೋಷ್ ಬಂತು, 1985ರಲ್ಲಿ ವಿಂಡೋಸ್ ಬಂತು. 1990ರ ವಿಂಡೋಸ್ 3.0 ಮತ್ತು 1995ರ ವಿಂಡೋಸ್ 95 ಅದನ್ನು ಮನೆಮಾತಾಗಿಸಿದವು. ದಾಖಲೆಯ ತಂತ್ರಾಂಶಗಳೂ ಹಿಂದೆ ಬೀಳಲಿಲ್ಲ. 1992ರಲ್ಲಿ ಆಕ್ಸೆಸ್, 1993ರಲ್ಲಿ ವಿಂಡೋಸ್‌ಗೆಂದೇ ಮಾಡಿದ ಫಾಕ್ಸ್‌ಪ್ರೊ, 1994ರಲ್ಲಿ ವಿಂಡೋಸ್‌ನ ಡಿಬೇಸ್, 1995ರಲ್ಲಿ ವಿಷುಯಲ್ ಫಾಕ್ಸ್‌ಪ್ರೊ. ಚುಕ್ಕೆಯ ಜಾಗದಲ್ಲಿ ಬಿಳಿಯ ಹಾಳೆ, ಹಾಳೆಯ ಮೇಲೆ ಚೌಕಗಳು, ಗುಂಡಿಗಳು, ಎಳೆದರೆ ಕೆಳಗಿಳಿಯುವ ಪಟ್ಟಿಗಳು. ತೆರೆಯ ಮೇಲೆ ಕಿಟಕಿಯೊಳಗೊಂದು ಕಿಟಕಿ.

ನೌಕರಿ ಸಿಕ್ಕ ಕೆಲವು ವರ್ಷಗಳ ಮೇಲೆ ಈ ಕಿಟಕಿಯ ಮುಂದೆ ಮೊದಲ ಸಲ ಕುಳಿತಾಗ ನನ್ನ ಬೆರಳುಗಳಿಗೆ ಕೆಲಸವೇ ಇಲ್ಲವೆನಿಸಿತು. ಬಾಯಿಪಾಠ ಮಾಡಿದ್ದ ಆಜ್ಞೆಗಳನ್ನು ಕೇಳುವವರಿಲ್ಲ. ಎಲ್ಲವೂ ಎದುರಿಗೇ ಹರಡಿದೆ, ಆರಿಸಿ ಒತ್ತಿದರೆ ಸಾಕು. ಜೊತೆಯ ಗುಮಾಸ್ತರೊಬ್ಬರು, ಟೈಪಿಂಗ್ ಸೀನಿಯರ್ ಪಾಸಾದವರು, “ಇದೇನು ಮೇಡಂ, ಹತ್ತು ಬೆರಳು ಬಿಟ್ಟು ಒಂದು ಬೆರಳಲ್ಲಿ ಸಂಸಾರ ಮಾಡು ಅಂತಾರಲ್ಲ” ಎಂದು ನಗುತ್ತಿದ್ದರು. ಅವರ ಮಾತಿನಲ್ಲಿ ನಗೆಯೂ ಇತ್ತು, ನೋವೂ ಇತ್ತು. ಕಷ್ಟಪಟ್ಟು ಕಲಿತ ಒಂದು ವಿದ್ಯೆ ಸದ್ದಿಲ್ಲದೆ ಬೆಲೆ ಕಳೆದುಕೊಂಡಿತ್ತು. ಆದರೆ ಅದೇ ಕಿಟಕಿಯ ಮುಂದೆ, ಇಂಗ್ಲಿಷ್ ಆಜ್ಞೆ ಒಂದನ್ನೂ ಅರಿಯದ ಹುಡುಗಿಯೊಬ್ಬಳು ಒಂದು ವಾರದಲ್ಲಿ ಕೆಲಸ ಕಲಿತಳು. ಒಬ್ಬರ ಕೈಯಿಂದ ಜಾರಿದ್ದು ಇನ್ನೊಬ್ಬರ ಕೈಗೆ ಬಂದಿತ್ತು.

ಇದು ಕಂಪ್ಯೂಟರಿನಲ್ಲೇ ಮೊದಲು ನಡೆದದ್ದಲ್ಲ. ನಮ್ಮ ಎರಡು ತಾಲ್ಲೂಕುಗಳ ದಾಖಲೆಗಳ ಕಥೆಯನ್ನು ನೋಡಿದರೆ, ದಾಖಲೆ ತನ್ನ ಮುಖ ಬದಲಿಸಿದಾಗಲೆಲ್ಲ ಅದನ್ನು ಓದುವ ಅಧಿಕಾರವೂ ಕೈ ಬದಲಿಸಿದೆ.

ಮೊದಲನೆಯದು ಕಲ್ಲು. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರವನ್ನು ನೋಡದವರು ಕಡಿಮೆ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಅಗ್ರಹಾರವನ್ನು ಮಾಡಿ, 1268ರಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದ. ಬಂದವರೆಲ್ಲ ಗೋಡೆಯ ಶಿಲ್ಪದ ಕಡೆಗೆ ಓಡುತ್ತಾರೆ. ಬಾಗಿಲಲ್ಲೇ ನಿಂತಿರುವ ಶಾಸನದ ಕಲ್ಲನ್ನು ನೋಡುವವರಿಲ್ಲ. ನಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ದಾಗ ನಾನು ಅವರನ್ನು ಮೊದಲು ನಿಲ್ಲಿಸುವುದು ಆ ಕಲ್ಲಿನ ಎದುರಿಗೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏನನ್ನು ಕೊಟ್ಟರು ಎಂದು ಬರೆದು ನಿಲ್ಲಿಸುವುದು ದತ್ತಿಶಾಸನಗಳ ಕ್ರಮ. ಭೂಮಿ ಕೊಟ್ಟಿದ್ದರೆ ನಾಲ್ಕು ದಿಕ್ಕಿನ ಎಲ್ಲೆ, ಕೊನೆಯಲ್ಲಿ ಅಳಿದವರಿಗೆ ಶಾಪ. ಇಂದಿನ ಕ್ರಯಪತ್ರದಲ್ಲಿ ಬರೆಯುವ ಚಕ್ಕುಬಂದಿಗೂ ಆ ಎಲ್ಲೆಗೂ ಏನು ವ್ಯತ್ಯಾಸ? ಕಲ್ಲಿನ ದೊಡ್ಡ ಗುಣವೆಂದರೆ ಅದು ಊರ ನಡುವೆ ನಿಂತಿರುತ್ತಿತ್ತು. ಓದು ಬಲ್ಲವರು ಕೆಲವರೇ ಇದ್ದರೂ, ಅವರಲ್ಲಿ ಯಾರನ್ನು ಬೇಕಾದರೂ ಕರೆದು ಎಲ್ಲರೆದುರು ಓದಿಸಬಹುದಿತ್ತು.

ಈ ಕಲ್ಲುಗಳನ್ನು ಊರೂರು ಹುಡುಕಿ ಪಟ್ಟಿ ಮಾಡಿಸಿದವರು ಬೆಂಜಮಿನ್ ಲೂಯಿ ರೈಸ್. ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಅವರೂ ಮೊದಲು ವಿದ್ಯಾ ಇಲಾಖೆಯವರೇ ಎಂಬುದು ಮೇಷ್ಟರ ಕುಲದ ನಮಗೆ ಹೆಮ್ಮೆಯ ವಿಷಯ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟ 1894ರಲ್ಲಿ ಹೊರಬಂತು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ರೈಸ್ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಎರಡಕ್ಷರ ಮತ್ತು ಒಂದು ಸಂಖ್ಯೆ ಕೊಟ್ಟರು. ಇಂದಿಗೂ ವಿದ್ವಾಂಸರು ಆ ಸಂಖ್ಯೆಯಿಂದಲೇ ಶಾಸನವನ್ನು ಹುಡುಕುತ್ತಾರೆ. ಒಂದು ದಾಖಲೆಗೆ ಒಂದೇ ಗುರುತು, ಒಂದು ಗುರುತಿಗೆ ಒಂದೇ ದಾಖಲೆ. ಡಿಬೇಸ್ ತರಗತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದೂ ಇದನ್ನೇ.

ಎರಡನೆಯದು ಶಾನುಭೋಗರ ಲೆಕ್ಕ. ಕಡತದಿಂದ ಅದು ಕಾಗದಕ್ಕೆ ಬಂತು. 1863ರಿಂದ ಮೈಸೂರು ಸಂಸ್ಥಾನದಲ್ಲಿ ಮುಂಬಯಿಯ ಕ್ರಮದಂತೆ ಕಂದಾಯ ಸರ್ವೆ ನಡೆದು ಜಮೀನಿಗೆ ಸರ್ವೆ ನಂಬರು ಬಿತ್ತು. ತರಿ, ಖುಷ್ಕಿ, ಬಾಗಾಯ್ತು, ಖರಾಬು, ಹಿಸ್ಸಾ ಇತ್ಯಾದಿ ಮಾತುಗಳು ರೈತನ ನಾಲಿಗೆಯ ಮೇಲೆ ಕುಳಿತವು. ಆದರೆ ಬರೆದದ್ದನ್ನು ಓದಬಲ್ಲವರು ಊರಿಗೆ ಒಬ್ಬರು. ಆ ಅಕ್ಷರ ಅವರ ಮನೆತನದ ಕೈಬರಹ. ಮೋಡಿ ಅಕ್ಷರ ಮಾಡಿ ಬರೆದರೆ ಇನ್ನೊಬ್ಬ ಶಾನುಭೋಗರಿಗೂ ತಲೆ ಕೆರೆಯಬೇಕು. ಅವರಲ್ಲಿ ಊರಿನ ಪ್ರತಿ ಬದುವನ್ನೂ ಬಲ್ಲ ಸತ್ಯವಂತರಿದ್ದರು. ಒಂದು ಗೆರೆ ಎಳೆದು ಒಂದು ಸಂಸಾರವನ್ನು ಬೀದಿಗೆ ಹಾಕಬಲ್ಲವರೂ ಇದ್ದರು. ಕಲ್ಲು ಊರ ನಡುವೆ ಇತ್ತು. ಕಡತ ಶಾನುಭೋಗರ ಮನೆಯಲ್ಲಿತ್ತು.

ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1961ರಲ್ಲಿ ಬಂದು, 1963ರ ಫೆಬ್ರವರಿ 1ರಿಂದ ಶಾನುಭೋಗಿಕೆ, ಪಟೇಲಿಕೆಗಳು ಮುಗಿದವು. ಗ್ರಾಮಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯಿದೆಯ ಕೆಳಗೆ ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಆರ್‌ಟಿಸಿ ರೂಢಿಗೆ ಬಂತು. ನಮ್ಮ ಕಡೆ ಎಲ್ಲರೂ ಅದನ್ನು ಪಹಣಿ ಎಂದೇ ಕರೆಯುತ್ತಾರೆ. ಒಂಬತ್ತನೆಯ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಹನ್ನೊಂದರಲ್ಲಿ ಇತರರ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. 1974ರ ಭೂಸುಧಾರಣೆಯ ನಂತರ ಗೇಣಿದಾರರು ಒಡೆಯರಾಗಲು ಅರ್ಜಿ ಹಾಕಿದಾಗ, ಯಾರ ಹೆಸರು ಯಾವ ವರ್ಷದ ಪಹಣಿಯಲ್ಲಿತ್ತು ಎಂಬುದರ ಮೇಲೆ ಎಷ್ಟೋ ಮನೆಗಳ ಹಣೆಬರಹ ನಿಂತಿತು. ಆದರೂ ಪಹಣಿಯ ನಕಲು ಬೇಕಾದರೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕು. ಅವರ ಕೈಕೆಳಗೆ ಹಲವು ಊರು. ಇವತ್ತು ಇಲ್ಲಿ, ನಾಳೆ ಅಲ್ಲಿ. ಪುಸ್ತಕ ಅವರ ಚೀಲದಲ್ಲಿ.

ಮೂರನೆಯದೇ ಕಿಟಕಿ. ಕರ್ನಾಟಕದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಯತ್ನ 1991ರಲ್ಲಿ ಗುಲ್ಬರ್ಗಾದಲ್ಲಿ ಆರಂಭವಾಯಿತು. ಆದರೆ ಯಂತ್ರ ಜಿಲ್ಲಾ ಕೇಂದ್ರದಲ್ಲಿ, ದಾಖಲೆ ತಿದ್ದುವ ಕೆಲಸ ತಾಲ್ಲೂಕಿನಲ್ಲಿ. ಹೀಗಾಗಿ ಏರಿಸಿದ್ದು ಏರಿಸುವಷ್ಟರಲ್ಲೇ ಹಳತಾಗುತ್ತಿತ್ತು. ದಶಕದ ಕೊನೆಗೆ ‘ಭೂಮಿ’ ಯೋಜನೆ ಈ ಕೊರತೆಯನ್ನು ತುಂಬಿತು. ತಂತ್ರಾಂಶವನ್ನು ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಕಂದಾಯ ಇಲಾಖೆಯಲ್ಲಿ ಇದರ ಹೊಣೆ ಹೊತ್ತವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು 177 ತಾಲ್ಲೂಕುಗಳ ಕೇಂದ್ರಗಳಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು.

ಈ ಕೆಲಸಕ್ಕೆ ಆರಿಸಿದ್ದು ಕಪ್ಪು ತೆರೆಯನ್ನಲ್ಲ, ಕಿಟಕಿಯನ್ನು. ಪಹಣಿಯ ಕಾಲಂಗಳು ತೆರೆಯ ಮೇಲೆ ಚೌಕಗಳಾಗಿ ಬಂದವು. ಒಳಗೆ ಹೋಗಲು ಸಿಬ್ಬಂದಿ ಬೆರಳಿನ ಗುರುತು ಕೊಡಬೇಕು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಜಿಗಿಯಲು ತಂತ್ರಾಂಶ ಬಿಡದು. ಎಲ್ಲಕ್ಕಿಂತ ನನಗೆ ಮೆಚ್ಚಿಗೆಯಾದ ಏರ್ಪಾಡು ಇನ್ನೊಂದು. ಕೇಂದ್ರದ ಮೇಜಿನ ಮೇಲೆ ಎರಡು ತೆರೆಗಳಿರಬೇಕು ಎಂದು ಯೋಜಿಸಿದ್ದರು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗಿನವರು ಏನು ಮಾಡುತ್ತಿದ್ದಾರೆಂದು ಹೊರಗಿನವರು ನೋಡಲಿ ಎಂದು. ಊರ ನಡುವಿನ ಕಲ್ಲು ಎಷ್ಟೋ ಶತಮಾನದ ಮೇಲೆ ಮೇಜಿಗೆ ಬಂದಂತಾಯಿತು.

ಇಲ್ಲಿ ಒಂದು ವಿಷಯವನ್ನು ನಾವು ಕನ್ನಡಿಗರು ಮರೆಯಬಾರದು. ಇಂಗ್ಲಿಷ್ ಬಲ್ಲವರಿಗೆ ಕಿಟಕಿ ಒಂದು ಅನುಕೂಲ. ಕನ್ನಡಕ್ಕೆ ಅದು ಹೆಬ್ಬಾಗಿಲು. ಹಳೆಯ ಕಪ್ಪು ತೆರೆಯಲ್ಲಿ ಒಂದು ಸಾಲಿಗೆ 80 ಮನೆ, ಒಟ್ಟು 25 ಸಾಲು. ಒಂದು ಮನೆಗೆ ಒಂದು ಅಕ್ಷರ, ಆ ಅಕ್ಷರವೂ ಯಂತ್ರದೊಳಗೆ ಮೊದಲೇ ಕೂಡಿಸಿಟ್ಟ ಇಂಗ್ಲಿಷಿನದು. ‘ಶ್ರೀಕಂಠೇಶ್ವರ’ ಎಂದು ಬರೆಯಹೊರಟರೆ ಏನು ಮಾಡುವುದು? ಶ್ರೀಯ ರಕಾರ ಕೆಳಗಿಳಿಯಬೇಕು, ಗುಡಿಸು ಮೇಲೇರಬೇಕು, ಠೇಗೆ ಏತ್ವ ಬೇಕು, ಶ್ವಕ್ಕೆ ಒತ್ತು ಬೇಕು. ಒಂದು ಮನೆಯಲ್ಲಿ ಇಷ್ಟೊಂದು ಜನ ಹಿಡಿಸುವುದು ಹೇಗೆ? ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಬೆಳೆಸಿದ ‘ಜಿಸ್ಟ್’ ಎಂಬ ಪ್ರತ್ಯೇಕ ಕಾರ್ಡನ್ನು ಯಂತ್ರದೊಳಗೆ ಕೂರಿಸಿದರೆ ಮಾತ್ರ ಭಾರತೀಯ ಲಿಪಿಗಳು ಕಾಣುತ್ತಿದ್ದವು. ನಮ್ಮಂಥ ಸಂಸ್ಥೆಗಳಲ್ಲಿ ಅದೆಲ್ಲಿ ಬರಬೇಕು? ನಂಜನಗೂಡನ್ನೂ ನಾವು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದೆವು. ಕಿಟಕಿಯ ತೆರೆಯೋ ಚಿತ್ರ ಬರೆಯುವ ಹಲಗೆ. ಅಲ್ಲಿ ಅಕ್ಷರವೂ ಒಂದು ಚಿತ್ರ. ಆದ್ದರಿಂದ ಒತ್ತು, ಕೊಂಬು, ಏತ್ವ, ದೀರ್ಘ ಎಲ್ಲಕ್ಕೂ ಜಾಗ ಸಿಕ್ಕಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವೆಲ್ಲ ಸೇರಿ ತಾಲ್ಲೂಕು ಕಚೇರಿಯ ಸಾಮಾನ್ಯ ನೌಕರನೂ ಕನ್ನಡದಲ್ಲಿ ಬರೆಯುವಂತಾಯಿತು.

ಆದರೆ ತೆರೆಯ ಮೇಲೆ ಕಾಣುವುದು ಒಂದು, ಒಳಗಿರುವುದು ಇನ್ನೊಂದು. ಆ ಕಾಲದ ಹಲವು ಫಾಂಟುಗಳಲ್ಲಿ ಅಕ್ಷರದ ಮುಖ ಕನ್ನಡವಾಗಿದ್ದರೂ ಯಂತ್ರದ ಲೆಕ್ಕದಲ್ಲಿ ಅದು ಯಾವುದೋ ಇಂಗ್ಲಿಷ್ ಚಿಹ್ನೆ. ಮಕ್ಕಳ ಹೆಸರನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಅದಕ್ಕೆ ತಿಳಿಯದು. ಫಾಂಟು ಇಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಹೆಸರಿನ ಬದಲು ಇರುವೆ ಸಾಲು. ಪ್ರತಿ ಅಕ್ಷರಕ್ಕೂ ಲೋಕಕ್ಕೆಲ್ಲ ಒಂದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅದು ನಮ್ಮ ಮೇಜಿನವರೆಗೆ ಬರಲು ಹತ್ತು ಹದಿನೈದು ವರ್ಷ ಹಿಡಿಯಿತು.

ಮುಖಕ್ಕೂ ಒಳಗಿಗೂ ಇರುವ ಈ ಅಂತರ ಬಡವರ ಬದುಕಿನಲ್ಲಿ ಏನು ಮಾಡುತ್ತದೆಂಬುದನ್ನು ನಾನು ಹತ್ತಿರದಿಂದ ನೋಡಿದ್ದು ಸುಮಾರು ಹದಿನೈದು ವರ್ಷಗಳ ಹಿಂದೆ. ತಿ. ನರಸೀಪುರದ ಕಡೆಯ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಹೆಂಗಸಿಗೆ ಗಂಡ ತೀರಿಕೊಂಡಿದ್ದ. ಉಳಿದದ್ದು ಒಂದು ಎಕರೆ ಹತ್ತು ಗುಂಟೆ. ಪೌತಿ ಖಾತೆಗೆ ಅರ್ಜಿ ಹಾಕಿದರೆ ಅದು ಹಿಂದಕ್ಕೆ ಬಂತು. ಮರಣದ ದಾಖಲೆಯಲ್ಲಿ ‘ಸಿದ್ಧಯ್ಯ’, ಕಂಪ್ಯೂಟರಿನ ಪಹಣಿಯಲ್ಲಿ ‘ಸಿದ್ದಯ್ಯ’. ಒಂದನೆಯ ತರಗತಿಯಲ್ಲಿ ನಾವು ‘ಹೊಟ್ಟೆ ಸೀಳಿದ ಧ’ ಎಂದು ಹೇಳಿಕೊಡುತ್ತೇವಲ್ಲ, ಆ ಒಂದು ಸೀಳು ಇಲ್ಲ. ನಮ್ಮ ಸೀಮೆಯಲ್ಲಿ ಎರಡನ್ನೂ ಕರೆಯುವುದು ಒಂದೇ ರೀತಿ. ಮನುಷ್ಯ ಮನುಷ್ಯನ ಮುಂದೆ ನಿಂತಿದ್ದರೆ ಇದೊಂದು ವಿಷಯವೇ ಅಲ್ಲ. ಕಿಟಕಿಯ ಚೌಕಗಳಿಗೆ ಮಾತ್ರ ಇವರಿಬ್ಬರು ಬೇರೆ ಬೇರೆ ಗಂಡಸರು.

ಆಕೆ ನನಗಿಂತ ದೊಡ್ಡವಳು, ಆದರೂ ಬಹುವಚನ ಬಿಟ್ಟು ಮಾತಾಡಿದವಳಲ್ಲ. “ಮಿಸೀನ್ನಾಗೆ ಹಂಗೇ ಅದೆ ಅಂತಾರೆ ಟೀಚರಮ್ಮ. ಮಿಸೀನಿಗೇನು ಗೊತ್ತು ನಮ್ಮ ಯಜಮಾನ್ರು? ಊರಿಗೆ ಗೊತ್ತಲ್ವ? ನೀವೇ ಬಂದು ವಸಿ ನೋಡೇಳಿ” ಎಂದಳು. ಒಂದು ಶನಿವಾರ ಮಧ್ಯಾಹ್ನ ಆಕೆಯ ಜೊತೆ ಆ ಕಚೇರಿಗೆ ಹೋದೆ. ಯಾವ ಊರಿನದೆಂದು ಇಲ್ಲಿ ಬೇಡ. ರೈತರ ಕಡೆಗೆ ಮುಖ ಮಾಡಿರಬೇಕಾದ ಎರಡನೆಯ ತೆರೆ ಕೆಟ್ಟು, ಅದರ ಮೇಲೆ ಅರ್ಜಿಗಳ ಕಟ್ಟು ಕುಳಿತಿತ್ತು. ಒಳಗಿದ್ದ ಹುಡುಗ ಒಳ್ಳೆಯವನೇ. “ನಾನು ತಿದ್ದೋ ಹಾಗಿಲ್ಲ ಮೇಡಂ, ಅಲ್ಲಿ ಬಿಡೋದೇ ಇಲ್ಲ” ಎಂದ. ಅವನ ಮಾತು ನಿಜ. ಬರೆದವರು ಯಾರೋ, ತಿದ್ದುವ ಅಧಿಕಾರ ಯಾರದೋ. ಅವನ ಪಾಲಿಗೆ ಬಂದದ್ದು ಒತ್ತುವ ಗುಂಡಿ ಮಾತ್ರ.

ಕೊನೆಗೆ ದಾರಿ ತೋರಿಸಿದ್ದು ಹಳೆಯ ಕಾಗದವೇ. ಅಭಿಲೇಖಾಲಯದಿಂದ ಕೈಬರಹದ ಪಹಣಿಯ ದೃಢೀಕೃತ ನಕಲು ತೆಗೆಸಿದೆವು. ನೀಲಿ ಶಾಯಿಯಲ್ಲಿ ಗ್ರಾಮಲೆಕ್ಕಿಗರ ದುಂಡನೆಯ ಅಕ್ಷರ. ಧಕಾರದ ಒತ್ತಿನಲ್ಲಿ ಸೀಳು ಸ್ಪಷ್ಟವಾಗಿ ಕಾಣುತ್ತಿತ್ತು. ಏರಿಸುವಾಗ ಯಾರ ಕಣ್ಣಿಗೋ ಅದು ತಪ್ಪಿಸಿಕೊಂಡಿದೆ. ಅದರ ಮೇಲೆ ತಿದ್ದುಪಡಿಗೆ ಅರ್ಜಿ, ವಿಚಾರಣೆ, ಆದೇಶ, ಆಮೇಲೆ ಪೌತಿ ಖಾತೆ. ಎಂಟು ತಿಂಗಳಾಯಿತು. ನಡುವೆ ಒಂದು ಮುಂಗಾರು ಕಳೆದುಹೋಯಿತು. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಸೊಸೈಟಿಯಲ್ಲಿ ಬೆಳೆಸಾಲ ಸಿಗಲಿಲ್ಲ. ನಾಟಿಗೆ ಬಡ್ಡಿಯ ಕೈಸಾಲ ಮಾಡಿದಳು. ಅದನ್ನು ತೀರಿಸಲು ಎರಡು ವರ್ಷ ಬೇಕಾಯಿತು. ಒಂದು ಸೀಳಿನ ಬೆಲೆ ಅದು.

ಇದನ್ನು ಕೇಳಿ ಯಾರಾದರೂ ಹಳೆಯ ಕಾಲವೇ ಚೆನ್ನಾಗಿತ್ತು ಎಂದರೆ ನಾನು ಒಪ್ಪುವುದಿಲ್ಲ. ಶಾನುಭೋಗರ ಮನೆಯ ಜಗಲಿಯ ಕೆಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲಬೇಕಾಗಿದ್ದವರು ಈ ಹೆಂಗಸಿನ ಹಿರಿಯರು. ಅಲ್ಲಿ ಅವರಿಗೆ ಬರೆದದ್ದು ತೋರಿಸಿ ಎಂದು ಕೇಳುವ ಧೈರ್ಯವೂ ಇರಲಿಲ್ಲ, ಕೇಳಿದರೆ ಓದುವ ವಿದ್ಯೆಯೂ ಇರಲಿಲ್ಲ. ಕಿಟಕಿ ಬಂದ ಮೇಲೆ ಯಾರೇ ಆಗಲಿ ದುಡ್ಡು ಕೊಟ್ಟು ಪಹಣಿ ಪಡೆಯಬಹುದು, ಇಂದು ಮೊಬೈಲಿನಲ್ಲೇ ನೋಡಬಹುದು. ಇದು ಸಣ್ಣ ಬದಲಾವಣೆಯಲ್ಲ. ನಾನು ಹೇಳುವುದು ಇಷ್ಟೇ: ಕಪ್ಪು ತೆರೆಯ ಕಾಲದಲ್ಲಿ ಅಧಿಕಾರ ಆಜ್ಞೆಯನ್ನು ನೆನಪಿಟ್ಟವನ ಕೈಯಲ್ಲಿತ್ತು, ಕಿಟಕಿಯ ಕಾಲದಲ್ಲಿ ಅದು ಚೌಕಗಳನ್ನು ಗೊತ್ತುಮಾಡಿದವನ ಕೈಗೆ ಹೋಯಿತು. ಪಟ್ಟಿಯಲ್ಲಿ ಇರುವುದನ್ನು ಮಾತ್ರ ಆರಿಸಬಹುದು. ಶಾನುಭೋಗರು ಅಂಚಿನಲ್ಲಿ ಬರೆಯುತ್ತಿದ್ದ ಷರಾಕ್ಕೆ, ‘ಇವರೂ ಅವರೂ ಒಬ್ಬರೇ’ ಎಂಬ ಒಂದು ಸಾಲಿಗೆ, ಪಟ್ಟಿಯಲ್ಲಿ ಜಾಗವಿಲ್ಲ. ಯಂತ್ರ ಹೀಗೆ ಹೇಳುತ್ತದೆ ಎನ್ನುವಾಗ, ಯಂತ್ರಕ್ಕೆ ಹಾಗೆ ಹೇಳಿದವರು ಒಬ್ಬರಿದ್ದಾರೆ ಎಂಬುದು ಮರೆತುಹೋಗುತ್ತದೆ.

ನಮ್ಮ ಶಾಲೆಗಳಿಗೂ ಕಿಟಕಿ ಬಂದಿದೆ. 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದಾಗ ಅದು ಪಾಠದ ವಸ್ತುವಾಗಿತ್ತು. ಮುಂದೆ ‘ಸ್ಯಾಟ್ಸ್’ ಬಂದ ಮೇಲೆ ಅದು ನಮ್ಮ ದಾಖಲಾತಿ ವಹಿಯೇ ಆಯಿತು. ಪ್ರತಿ ಮಗುವಿಗೂ ಒಂದು ಸಂಖ್ಯೆ, ಸಂಖ್ಯೆಯ ಹಿಂದೆ ಹೆಸರು, ತಂದೆತಾಯಿ, ಹುಟ್ಟಿದ ದಿನ, ಜಾತಿ, ಅಂಕ. ಬೇರೆ ಶಾಲೆಗೆ ಹೋದರೂ ಸಂಖ್ಯೆ ಜೊತೆಗೇ ಹೋಗುತ್ತದೆ. ಅನುಕೂಲ ಬಹಳ. ಆದರೆ ಒಳಗಿನವರ ಸ್ಥಾನದಲ್ಲಿ ಈಗ ಕುಳಿತಿರುವವರು ನಾವು, ಮೇಷ್ಟರು. ಕಿಟಕಿಯ ಹೊರಗೆ ನಿಂತ ತಾಯಿಗೆ ನಮ್ಮ ತೆರೆ ಕಾಣುವುದಿಲ್ಲ.

ಆದ್ದರಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ದಾಖಲಾತಿಯ ದಿನ ಮಗುವಿನ ವಿವರ ತುಂಬಿದ ಮೇಲೆ, ಒಪ್ಪಿಗೆಯ ಗುಂಡಿ ಒತ್ತುವ ಮೊದಲು, ತೆರೆಯನ್ನು ತಿರುಗಿಸಿ ಪೋಷಕರಿಗೆ ತೋರಿಸುತ್ತೇನೆ. ಓದು ಬಾರದವರಿಗೆ ಮಗುವೇ ಗಟ್ಟಿಯಾಗಿ ಓದಿ ಹೇಳುತ್ತದೆ. ಅಪ್ಪನ ಹೆಸರಿನಲ್ಲಿ ದೀರ್ಘವಿದೆಯೇ, ಒತ್ತಿದೆಯೇ ಎಂದು ಕೇಳುತ್ತೇನೆ. ಒಬ್ಬೊಬ್ಬರಿಗೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಸಾಲು ಬಾಗಿಲು ದಾಟುತ್ತದೆ, ಜೊತೆಯವರು ಗೊಣಗುತ್ತಾರೆ. ಗೊಣಗಲಿ. ಒಂದು ಸೀಳು ತಿದ್ದಲು ಎಂಟು ತಿಂಗಳು ಹಿಡಿದದ್ದನ್ನು ಕಂಡವಳಿಗೆ ಐದು ನಿಮಿಷ ಹೆಚ್ಚಲ್ಲ.

2024ರಲ್ಲಿ ಸರ್ಕಾರ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕುಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಆರಂಭಿಸಿತು. ಇಲಿ, ಗೆದ್ದಲು, ದೂಳಿನಿಂದ ಉಳಿದ ಕಾಗದಗಳು ಚಿತ್ರಗಳಾಗಿ ಕಿಟಕಿಯೊಳಗೆ ಸೇರುತ್ತಿವೆ. ಒಳ್ಳೆಯದೇ. ಚಿತ್ರದಲ್ಲಿ ಕೈಬರಹ ಇದ್ದಂತೆಯೇ ಉಳಿಯುತ್ತದೆ, ಧಕಾರದ ಸೀಳೂ ಉಳಿಯುತ್ತದೆ, ಅಂಚಿನ ಷರಾವೂ ಉಳಿಯುತ್ತದೆ. ಆದರೆ ಆ ಕೈಬರಹವನ್ನು ಓದಬಲ್ಲವರು ಇನ್ನು ಇಪ್ಪತ್ತು ವರ್ಷಕ್ಕೆ ಎಷ್ಟು ಜನ ಇರುತ್ತಾರೆ? ಒಂಬತ್ತನೆಯ ತರಗತಿಯ ಮಕ್ಕಳಿಗೆ ಮನೆಯ ಪಹಣಿಯ ನಕಲು ತರಲು ಹೇಳಿ, ಸಮಾಜ ವಿಜ್ಞಾನದ ಒಂದು ಪೀರಿಯಡ್ಡಿನಲ್ಲಿ ಕಾಲಂ ಕಾಲಂ ಓದಿಸುತ್ತೇನೆ. ಜಮೀನಿಲ್ಲದ ಮಕ್ಕಳು ಪಕ್ಕದವರ ಹಾಳೆಯನ್ನು ಹಂಚಿಕೊಂಡು ಓದುತ್ತಾರೆ. ಹೋದ ವರ್ಷ ಒಬ್ಬ ಹುಡುಗಿ ಹನ್ನೊಂದನೆಯ ಕಾಲಂನಲ್ಲಿ ಅಜ್ಜ ಎಂದೋ ತೀರಿಸಿದ್ದ ಸಾಲ ಇನ್ನೂ ಹಾಗೇ ನಿಂತಿರುವುದನ್ನು ಹುಡುಕಿ, ಸೋಮವಾರ ಅಪ್ಪನನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದಳು. ಅವತ್ತು ಅವಳಿಗೆ ಹಾಜರಿ ಕೊಟ್ಟೆ.